ನಾವು ಬಯಸಿದ ಸಭೆ, ದೇವರು ಕೊಟ್ಟ ಸಭೆ

ಸಭೆಯಿಂದ ದೂರವಾದ ಒಂದಾದರೂ ಕುಟುಂಬವನ್ನು ನೀವು ಬಲ್ಲಿರಿ. ಅವರು ಕ್ರಿಸ್ತನನ್ನು ತೊರೆದವರಲ್ಲ; ಅವರ ಮನೆಯಲ್ಲಿ ಪ್ರಾರ್ಥನೆಯೂ ಸತ್ಯವೇದದ ಪಾರಾಯಣವೂ ನಡೆದೇ ಇವೆ. ಆದರೆ ಸಭೆಯಲ್ಲಿ ಪ್ರೀತಿಯಿಲ್ಲವೆಂಬ ನೋವಿನಿಂದ ಅವರು ಆರಾಧನೆಗೆ ಬರುವುದನ್ನು ಬಿಟ್ಟಿದ್ದಾರೆ. ಇಂಥವರಿಗೂ ಇಂಥವರನ್ನು ಕಳೆದುಕೊಂಡ ಸಭೆಗಳಿಗೂ ಸಲ್ಲುವ ಮಾತನ್ನು ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಕ್ ಬೋನ್‌ಹೊಫರ್ (1906-1945) ಒಂದು ಚಿಕ್ಕ ಪುಸ್ತಕದಲ್ಲಿ ಹೇಳಿದ್ದಾರೆ. 1939ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾದ ಆ ಕೃತಿ 1954ರಲ್ಲಿ ‘ಲೈಫ್ ಟುಗೆದರ್’ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂತು. ಅದರ ಬಲವನ್ನೂ ಮಿತಿಯನ್ನೂ ತೂಗಿ ನೋಡುವುದು ಈ ಲೇಖನದ ಉದ್ದೇಶ.

ಪುಸ್ತಕದ ಹಿನ್ನೆಲೆಯನ್ನು ಮೊದಲು ಅರಿಯಬೇಕು. ಬೋನ್‌ಹೊಫರರು ಭಾರತಕ್ಕೆ ಬಂದು ಗಾಂಧೀಜಿಯವರ ಆಶ್ರಮದ ಸಾಮೂಹಿಕ ಜೀವನವನ್ನು ಕಣ್ಣಾರೆ ಕಾಣಬೇಕೆಂದಿದ್ದರು. 1934ರಲ್ಲಿ ಗಾಂಧೀಜಿಯವರು ಅವರನ್ನು ಆಹ್ವಾನಿಸಿಯೂ ಇದ್ದರು. ಆ ಪ್ರಯಾಣ ಕೈಗೂಡಲಿಲ್ಲ. ಹಿಟ್ಲರನ ಆಡಳಿತಕ್ಕೆ ಸಭೆಯನ್ನು ಒಪ್ಪಿಸಲು ನಿರಾಕರಿಸಿದ ‘ಕನ್‌ಫೆಸಿಂಗ್ ಚರ್ಚ್’ 1935ರಲ್ಲಿ ಅವರನ್ನು ಭಾವೀ ಸಭಾಪಾಲಕರ ತರಬೇತಿಗೆ ಕರೆಯಿತು. ಫಿಂಕನ್‌ವಾಲ್ಡೆ ಎಂಬಲ್ಲಿ ಗುರುಶಿಷ್ಯರು ಒಂದೇ ಸೂರಿನಡಿ ಪ್ರಾರ್ಥಿಸಿ, ಉಂಡು, ಓದಿ ಬಾಳಿದರು. 1937ರಲ್ಲಿ ಗೆಸ್ಟಾಪೊ ಪೊಲೀಸರು ಆ ಶಾಲೆಯನ್ನು ಮುಚ್ಚಿದರು. ಮರುವರ್ಷ, ಕೆಲವೇ ವಾರಗಳಲ್ಲಿ, ಅವರು ಈ ಪುಸ್ತಕವನ್ನು ಬರೆದು ಮುಗಿಸಿದರು. ಚದುರಿಹೋದ ಒಂದು ಅನ್ಯೋನ್ಯತೆಯ ನೆನಪು ಇದು. ಆದ್ದರಿಂದಲೇ, ಕ್ರೈಸ್ತರು ಒಟ್ಟಾಗಿ ಕೂಡುವುದು ಹಕ್ಕಲ್ಲ, ಕೃಪೆ ಎಂಬ ಅರಿವು ಮೊದಲ ಪುಟಗಳಿಂದಲೇ ಕಾಣುತ್ತದೆ. ಸೆರೆಯಲ್ಲಿರುವವನಿಗೆ, ರೋಗಿಗೆ, ಪರದೇಶದಲ್ಲಿ ಒಂಟಿಯಾಗಿರುವವನಿಗೆ ಒಬ್ಬ ಸಹವಿಶ್ವಾಸಿಯ ಮುಖದರ್ಶನ ಎಂಥ ಸಂತೋಷ! ಭಾನುವಾರ ನಮ್ಮ ಪಕ್ಕದಲ್ಲಿ ಕುಳಿತವರನ್ನು ನಾವು ಹಾಗೆ ನೋಡಿದ್ದೇವೆಯೇ?

ಪುಸ್ತಕದ ತಿರುಳು ಕಠಿಣವಾದದ್ದು. ಪ್ರತಿಯೊಬ್ಬ ವಿಶ್ವಾಸಿಯೂ ಆದರ್ಶ ಸಭೆಯೊಂದರ ಕನಸನ್ನು ಹೊತ್ತು ಬರುತ್ತಾನೆ. ಆ ಕನಸು ಒಡೆದಾಗ ಮೊದಲು ಸಹೋದರರನ್ನು, ಬಳಿಕ ದೇವರನ್ನು, ಕೊನೆಗೆ ತನ್ನನ್ನೇ ದೂರುತ್ತಾನೆ. ಆದರೆ ಕನಸು ಒಡೆಯುವುದೇ ದೇವರ ದಯೆ ಎನ್ನುತ್ತಾರೆ ಲೇಖಕರು. ಏಕೆಂದರೆ ನಮ್ಮನ್ನು ಒಂದುಗೂಡಿಸಿರುವುದು ಪರಸ್ಪರ ಮೆಚ್ಚುಗೆಯಲ್ಲ, ಕ್ರಿಸ್ತನು ನಮಗಾಗಿ ಮಾಡಿದ ಕಾರ್ಯ. ನನಗೆ ಹಿಡಿಸದ ನೆರೆಯವನೂ ಅದೇ ಕೃಪೆಯಿಂದ ಬದುಕುವವನು. ಸಭೆಯನ್ನು ನಾವು ಕಟ್ಟುವುದಿಲ್ಲ. ಕಟ್ಟಲ್ಪಟ್ಟ ಸಭೆಯೊಳಗೆ ಸೇರಿಕೊಳ್ಳುತ್ತೇವೆ.

ಈ ತತ್ತ್ವವನ್ನು ನಿತ್ಯದ ನಡೆಗೆ ಇಳಿಸುವುದರಲ್ಲಿ ಕೃತಿಯ ಸೊಗಸಿದೆ. ಸಾಮೂಹಿಕ ಗಾಯನದಲ್ಲಿ ಎಲ್ಲರೂ ಒಂದೇ ಸ್ವರದಲ್ಲಿ ಹಾಡಬೇಕೆಂದು ಲೇಖಕರು ಪಟ್ಟುಹಿಡಿಯುತ್ತಾರೆ. ತನ್ನ ಕಂಠವನ್ನು ಮೆರೆಸಲು ಬೇರೆ ಸ್ವರ ಸೇರಿಸುವವರ ಮೇಲೆ ಅವರಿಗೆ ಸಹನೆಯಿಲ್ಲ. ನಾಲ್ಕು ಸ್ವರಗಳ ಗಾಯನವನ್ನು ಅಕ್ಕರೆಯಿಂದ ಬೆಳೆಸಿಕೊಂಡು ಬಂದ ನಮ್ಮ ಗಾಯನವೃಂದಗಳು ಇದನ್ನು ಒಪ್ಪಲಾರವು, ಒಪ್ಪಬೇಕಾಗಿಯೂ ಇಲ್ಲ. ಆದರೂ ಹಾಡುವವನ ಗಮನ ಯಾರ ಮೇಲಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಸೇವೆಯ ಅಧ್ಯಾಯದಲ್ಲಿ ಅವರು ಅನುಸರಿಸುವ ಕ್ರಮವಂತೂ ಮನನಯೋಗ್ಯ. ಮೊದಲನೆಯ ಸೇವೆ ನಾಲಿಗೆಯನ್ನು ಬಿಗಿಹಿಡಿಯುವುದು. ಕಿವಿಗೊಡುವುದು, ನೆರವಾಗುವುದು, ಭಾರ ಹೊರುವುದು ಆಮೇಲೆ ಬರುತ್ತವೆ. ವಾಕ್ಯವನ್ನು ಸಾರುವುದು ಇವೆಲ್ಲದರ ಅನಂತರ. ಕೇಳಲು ಕಲಿಯದವನ ಬೋಧನೆ ಯಾರನ್ನೂ ಮುಟ್ಟದು. ಹಾಗೆಯೇ ಏಕಾಂತಕ್ಕೂ ಅವರು ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಒಂಟಿತನಕ್ಕೆ ಹೆದರಿ ಸಭೆಗೆ ಓಡಿಬರುವುದು ಅನ್ಯೋನ್ಯತೆಯಲ್ಲ ಎಂಬುದು ಅವರ ಎಚ್ಚರಿಕೆ.

ಇಷ್ಟು ಮೆಚ್ಚಿದ ಮೇಲೆ ಕೊರತೆಯನ್ನೂ ಹೇಳಬೇಕು. ಇದು ತರುಣ ಪುರುಷರ ಒಂದು ಶಾಲೆಯಲ್ಲಿ ಹುಟ್ಟಿದ ಪುಸ್ತಕ. ಕುಟುಂಬ ಪ್ರಾರ್ಥನೆಯ ಪ್ರಸ್ತಾಪವಿದ್ದರೂ, ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ಆರಾಧನೆಗೆ ಕೂರುವ ತಾಯಿ, ಸಾಲದ ಚಿಂತೆಯ ತಂದೆ, ಸಭಾ ಸಮಿತಿಯ ಚುನಾವಣೆಯ ಬಳಿಕ ಮಾತು ಬಿಟ್ಟ ಎರಡು ಮನೆಗಳು ಇದರ ಪುಟಗಳಲ್ಲಿ ಕಾಣಸಿಗುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ತಪ್ಪಿದ ಸಹೋದರನನ್ನು ಪ್ರೀತಿಯಿಂದ ಎಚ್ಚರಿಸಬೇಕೆಂದು ಲೇಖಕರು ಹೇಳುತ್ತಾರೆ. ಆದರೆ ಸಭೆಯ ರೂಢಿಯೇ ಅನ್ಯಾಯವಾಗಿರುವಾಗ ನೊಂದವರು ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳುವುದಿಲ್ಲ. ಕನಸನ್ನು ಕುರಿತ ಅವರ ಎಚ್ಚರಿಕೆಯನ್ನು ನೊಂದವರ ಬಾಯಿ ಮುಚ್ಚಿಸಲು ಬಳಸುವುದು ಬಹಳ ಸುಲಭ: “ಪರಿಪೂರ್ಣ ಸಭೆ ಎಲ್ಲಿದೆ? ಸಹಿಸಿಕೊಳ್ಳಿ.”

ಹಾಗೆ ಬಳಸುವವರಿಗೆ ಲೇಖಕರ ಜೀವನವೇ ಉತ್ತರ. ಯೆಹೂದಿ ಮೂಲದ ಕ್ರೈಸ್ತರನ್ನು ಸಭೆಯ ಸೇವೆಯಿಂದ ಹೊರಗಿಡುವ ನಿಯಮವನ್ನು 1933ರಲ್ಲಿ ಪ್ರಶಿಯಾದ ಸಭೆ ಒಪ್ಪಿಕೊಂಡಾಗ ಬೋನ್‌ಹೊಫರರು ಅದನ್ನು ತೀವ್ರವಾಗಿ ವಿರೋಧಿಸಿದರು. ಈ ಪುಸ್ತಕವನ್ನು ಅವರು ಬರೆದದ್ದು ಗಟಿಂಗೆನ್ ನಗರದಲ್ಲಿ, ತಮ್ಮ ಅವಳಿ ಸಹೋದರಿಯ ಮನೆಯಲ್ಲಿ. ಪತಿ ಯೆಹೂದಿ ಮೂಲದವರಾದ್ದರಿಂದ ಆಕೆಯ ಕುಟುಂಬ ಅದೇ 1938ರಲ್ಲಿ ದೇಶ ಬಿಟ್ಟು ಹೋಗಿತ್ತು. ಆ ಮನೆಯ ಕಥೆಯನ್ನು ಪುಸ್ತಕ ಹೇಳುವುದಿಲ್ಲ. ಆದರೆ ಅದನ್ನು ಅರಿತು ಓದುವವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನೆರೆಯವನ ಬಲಹೀನತೆಯನ್ನು ಸಹಿಸುವುದು ಅನ್ಯೋನ್ಯತೆ. ನೆರೆಯವನನ್ನು ಹೊರಗಿಡುವುದನ್ನು ಸಹಿಸುವುದು ಅನ್ಯೋನ್ಯತೆಯ ನಿರಾಕರಣೆ. ಈ ಭೇದವನ್ನು ಬಾಳಿ ತೋರಿಸಿದವರು ಅವರು. 1945ರ ಏಪ್ರಿಲ್ 9ರಂದು ನಾಜಿ ಆಡಳಿತವು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಅವರನ್ನು ಗಲ್ಲಿಗೇರಿಸಿತು.

ಸತ್ಯವೇದವೂ ಇದೇ ಭೇದವನ್ನು ಕಾಣಿಸುತ್ತದೆ. ಒಬ್ಬರ ಭಾರವನ್ನೊಬ್ಬರು ಹೊರಬೇಕೆಂದು ಗಲಾತ್ಯದವರಿಗೆ ಬರೆದ ಪೌಲನೇ, ಕರ್ತನ ಭೋಜನದ ಕೂಟದಲ್ಲಿ ಉಳ್ಳವರು ಉಂಡು ಇಲ್ಲದವರು ಹಸಿದಿರುವುದನ್ನು ಕಂಡಾಗ ಕೊರಿಂಥದವರನ್ನು ಗದರಿಸಿದನು. ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿ ಜಾಗ ಎಂಬ ರೂಢಿಯನ್ನು ಯಾಕೋಬನು ಖಂಡಿಸಿದನು. ನಮ್ಮ ಸಭೆಗಳಲ್ಲಿಯೂ ಒಂದೇ ಪಾತ್ರೆಯಿಂದ ಪಾನಮಾಡಿದವರು ಮದುವೆಯ ಮಾತು ಬಂದಾಗ ಜಾತಿಯನ್ನು ವಿಚಾರಿಸುವುದುಂಟು. ಅದನ್ನು ‘ಮಾನವ ಸಹಜ ಕೊರತೆ’ ಎಂದು ಮನ್ನಿಸಿಬಿಡುವುದು ಯೋಗ್ಯವೇ?

ಆದುದರಿಂದ ಓದುಗರೇ, ಈ ಪುಸ್ತಕವನ್ನು ಎರಡು ಪ್ರಶ್ನೆಗಳೊಡನೆ ಓದಿರಿ. ಸಭೆಯಲ್ಲಿ ನನ್ನನ್ನು ನೋಯಿಸುತ್ತಿರುವುದು ನನ್ನ ಒಡೆದ ಕನಸೋ, ಅಥವಾ ಮತ್ತೊಬ್ಬರಿಗೆ ಆಗುತ್ತಿರುವ ಅನ್ಯಾಯವೋ? ಮೊದಲನೆಯದಾದರೆ ಕ್ಷಮಿಸಿ, ಮುಂದಿನ ಭಾನುವಾರ ಅದೇ ಬೆಂಚಿಗೆ ಹಿಂದಿರುಗಿರಿ. ಎರಡನೆಯದಾದರೆ ಸಭೆಯನ್ನು ಬಿಡದೆ, ಸಭಾಪಾಲಕರ ಮುಂದೆಯೂ ಸಮಿತಿಯ ಮುಂದೆಯೂ ವಿನಯದಿಂದ, ಆದರೆ ಸ್ಪಷ್ಟವಾಗಿ ಮಾತನಾಡಿರಿ. ಮತ್ತು ದೂರವಾಗಿರುವ ಆ ಕುಟುಂಬದ ಮನೆಗೆ ಈ ವಾರವೇ ಹೋಗಿ ಬನ್ನಿರಿ. ಬುದ್ಧಿಹೇಳಲು ಆತುರಪಡದೆ, ಅವರು ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಳ್ಳಿರಿ.