ರೆಬೆಕಾ ರೂಬೆನ್: ಸಾಹಿತ್ಯಚರಿತ್ರೆ ಎಣಿಸದ ಕೆಲಸ

ಗುಜರಾತಿನಲ್ಲಿ ಬೆನೆ ಇಸ್ರೇಲಿ ಯೆಹೂದಿಗಳನ್ನು ಅರಸುವವರಿಗೆ ಅಹಮದಾಬಾದಿನ ಮಾಗೆನ್ ಅಬ್ರಹಾಂ ಪ್ರಾರ್ಥನಾಮಂದಿರವೂ (1934) ಎಸ್ತರ್ ಡೇವಿಡ್ ಅವರ ಕಾದಂಬರಿಗಳೂ ಸುಲಭವಾಗಿ ದೊರೆಯುತ್ತವೆ. ವಡೋದರೆಯ ಮಂಜಲ್‌ಪುರದಲ್ಲಿದ್ದುಕೊಂಡು ಈ ಟಿಪ್ಪಣಿಯನ್ನು ಬರೆಯುತ್ತಿರುವ ನಮಗೆ ಅದೇ ಸಮುದಾಯದ ಬೇರೊಂದು ಹೆಸರು ಹೆಚ್ಚು ವಿಚಾರಣೀಯವಾಗಿ ಕಂಡಿದೆ. ಅದು ಶಿವಮೊಗ್ಗೆಯಲ್ಲಿ ಹುಟ್ಟಿದ ರೆಬೆಕಾ ರೂಬೆನ್ (1889–1957) ಅವರದು.

ಹುಟ್ಟಿದ ಊರಿನ ಬಲದಿಂದ ಅವರನ್ನು ಕನ್ನಡದ ಲೇಖಕಿಯೆಂದು ಸಾಧಿಸುವ ಉದ್ದೇಶ ನಮಗಿಲ್ಲ. ಸಮುದಾಯದ ಮನೆಮಾತು ಮರಾಠಿ; ಅವರ ಬರಹದ ಭಾಷೆ ಇಂಗ್ಲಿಷ್; ಕಾರ್ಯಕ್ಷೇತ್ರ ಮುಂಬಯಿ. 1905ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದ ಅವರು ಮುಂದೆ ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಿದರು. ಮುಂಬಯಿಯ ಬೆನೆ ಇಸ್ರೇಲಿಗಳನ್ನು ಕುರಿತ ಅವರ ಕಿರುಹೊತ್ತಗೆ 1913ರಲ್ಲಿ ಕೇಂಬ್ರಿಜಿನಲ್ಲಿ ಪ್ರಕಟವಾಯಿತು. 1917ರಿಂದ 1920ರವರೆಗೆ ಸಮುದಾಯದ ವಾರ್ಷಿಕ ಸಂಚಿಕೆಯನ್ನು ಸಂಪಾದಿಸಿದರು. 1922ರಿಂದ 1950ರವರೆಗೆ, ಎಂದರೆ ಇಪ್ಪತ್ತೆಂಟು ವರ್ಷ, ಮುಂಬಯಿಯ ಇಸ್ರೇಲೈಟ್ ಶಾಲೆಯ ಮುಖ್ಯಸ್ಥೆಯಾಗಿದ್ದರು. ಶಾಲೆಗಳಿಗಾಗಿ ಇಂಗ್ಲಿಷ್ ವಾಚಿಕೆಗಳನ್ನೂ ರಚಿಸಿದರು.

ಈ ರಚನೆಗಳಿಗೆ ಸಾಹಿತ್ಯಚರಿತ್ರೆಯಲ್ಲಿ ಸ್ಥಾನವೇನು? ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬೆನೆ ಇಸ್ರೇಲಿಗಳು ಮರಾಠಿ ಕೀರ್ತನ ಪ್ರಕಾರಕ್ಕೆ ಬೈಬಲಿನ ಕಥೆಗಳನ್ನು ಅಳವಡಿಸಿಕೊಂಡರು. ಅದು ಹಾಡಾದುದರಿಂದ ವಿದ್ವಾಂಸರ ಗಮನಕ್ಕೆ ಬಂದಿತು. ವಾಚಿಕೆಯಾದರೋ ಹಾಡಲ್ಲ, ಕಾವ್ಯವೂ ಅಲ್ಲ. ಮಗು ಮುಂದಿನ ತರಗತಿಗೆ ಹೋದೊಡನೆ ಅದರ ಕೆಲಸ ಮುಗಿಯುತ್ತದೆ. ಬರೆದವರ ಹೆಸರು ಓದಿದವರ ನೆನಪಿನಲ್ಲಿ ಉಳಿಯುವುದಿಲ್ಲ.

ಇಲ್ಲಿ ನಮ್ಮ ಪರಂಪರೆಯ ನಿದರ್ಶನವೊಂದನ್ನು ಸ್ಮರಿಸಬಹುದು. ಅತ್ತಿಮಬ್ಬೆ ಬರೆದ ಕಾವ್ಯವೊಂದೂ ನಮಗೆ ದೊರೆತಿಲ್ಲ. ಆದರೂ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕಾರಣಕ್ಕಾಗಿ ಕನ್ನಡ ಸಾಹಿತ್ಯಚರಿತ್ರೆ ಆಕೆಯನ್ನು ಗೌರವಿಸುತ್ತ ಬಂದಿದೆ. ಕೃತಿಯನ್ನು ರಚಿಸುವುದರಷ್ಟೇ ಅದಕ್ಕೆ ಓದುಗರನ್ನು ಒದಗಿಸುವುದೂ ಸಾಹಿತ್ಯದ ಕಾರ್ಯವೆಂಬ ವಿವೇಕ ಆ ಗೌರವದ ಹಿಂದಿದೆ. ಹತ್ತನೆಯ ಶತಮಾನದ ದಾನಿಗೆ ನಾವು ಅನ್ವಯಿಸುವ ಮಾನದಂಡವನ್ನು ಇಪ್ಪತ್ತನೆಯ ಶತಮಾನದ ಅಧ್ಯಾಪಕಿಗೆ ನಿರಾಕರಿಸಲು ಕಾರಣವಿದೆಯೆ?

ಹೋಲಿಕೆಗೆ ಮಿತಿಯುಂಟು. ಅತ್ತಿಮಬ್ಬೆಯ ಕೈಯಲ್ಲಿ ಸಂಪತ್ತಿತ್ತು, ಎದುರಿಗೆ ಮಹಾಕಾವ್ಯವಿತ್ತು. ರೂಬೆನ್ ಅವರಿಗಿದ್ದದ್ದು ಒಂದು ಶಾಲೆ, ಸಂಖ್ಯೆಯಲ್ಲಿ ಅಲ್ಪವಾದ ಒಂದು ಸಮುದಾಯ. ಅವರ ಗದ್ಯವನ್ನು ಸೃಜನಶೀಲವೆಂದು ಹೊಗಳುವ ಅಗತ್ಯವೂ ಇಲ್ಲ. ಆದರೆ 1948ರ ಅನಂತರ ಬೆನೆ ಇಸ್ರೇಲಿಗಳಲ್ಲಿ ಬಹುಪಾಲು ಜನ ಇಸ್ರೇಲಿಗೆ ವಲಸೆ ಹೋದರೆಂಬುದನ್ನು ನೆನೆದಾಗ ಆ ವಾರ್ಷಿಕ ಸಂಚಿಕೆಗಳ ಬೆಲೆ ಬೇರೆಯಾಗಿ ತೋರುತ್ತದೆ. ಚದುರಿಹೋಗಲಿದ್ದ ಸಮುದಾಯವೊಂದು ಚದುರುವ ಮೊದಲೇ ತನ್ನನ್ನು ತಾನು ಬರೆದಿಟ್ಟುಕೊಂಡಿತ್ತು; ಆ ಬರಹವನ್ನು ಒಟ್ಟುಗೂಡಿಸಿದವರು ಒಬ್ಬ ಅಧ್ಯಾಪಕಿ.

ಹೊರನಾಡಿನಲ್ಲಿ ಕನ್ನಡ ಸಂಶೋಧನೆಯಲ್ಲಿ ತೊಡಗಿರುವವರಿಗೆ ಇದು ಪರರ ಸಂಗತಿಯಲ್ಲ. ನಮ್ಮ ಸಂಘಗಳ ಸ್ಮರಣಸಂಚಿಕೆಗಳನ್ನೂ ಕನ್ನಡ ತರಗತಿಗಳ ಪಾಠಗಳನ್ನೂ ನಾವು ಸಾಹಿತ್ಯವೆಂದು ಎಣಿಸಿದವರಲ್ಲ. ಎಣಿಸದಿದ್ದುದು ಉಳಿಯುವುದೂ ಕಡಿಮೆ. ಆ ಸಂಚಿಕೆಗಳನ್ನು ಸಂಗ್ರಹಿಸುವ ಕೆಲಸ ಇಂದೇ ಆರಂಭವಾಗಬೇಕೆಂಬುದು ನಮ್ಮ ಅಭಿಪ್ರಾಯ.