ಬದಲಿ ಟರ್ಬೋ: ಒತ್ತಡವೊಂದೇ ಅಳತೆಯಲ್ಲ

ಹಳೆಯ ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್‌ನ 2 ಲೀಟರ್ ಎಂಜಿನ್ನಿಗೆ ಬದಲಿ ಟರ್ಬೋಚಾರ್ಜರ್ ಆರಿಸಬೇಕೆನ್ನಿ. ಎಷ್ಟೋ ಜಾಹೀರಾತುಗಳು ಅಶ್ವಶಕ್ತಿ ಮತ್ತು ಗರಿಷ್ಠ ಒತ್ತಡಗಳನ್ನಷ್ಟೇ ಸಾರುತ್ತವೆ. ಒತ್ತಡ ಇಮ್ಮಡಿಯಾದರೆ ಎಂಜಿನ್ನಿಗೆ ಸಿಗುವ ಗಾಳಿಯೂ ಇಮ್ಮಡಿಯಾಗುವುದೇ? ಇಲ್ಲ. ಕಂಪ್ರೆಸರಿನ ದಕ್ಷತೆ ಶೇ. 70 ಇದ್ದರೆ, 300 ಕೆಲ್ವಿನ್ ತಾಪದ ಗಾಳಿ ಇಮ್ಮಡಿ ಒತ್ತಡದಲ್ಲಿ ಸುಮಾರು 394 ಕೆಲ್ವಿನ್‌ಗೆ ಏರುತ್ತದೆ. ಇಂಟರ್‌ಕೂಲರ್ ತಲುಪುವ ಮೊದಲು ಅದರ ಸಾಂದ್ರತೆ ಕೇವಲ ಒಂದೂವರೆ ಪಟ್ಟು! ದಕ್ಷತೆ ಶೇ. 55ಕ್ಕೆ ಇಳಿದರೆ ತಾಪ ಸುಮಾರು 420 ಕೆಲ್ವಿನ್. ಬಿಸಿ ಹೆಚ್ಚಿದಂತೆ ಎಂಜಿನ್ನಿಗೆ ಹಾನಿ ಮಾಡುವ ನಾಕಿಂಗ್‌ನ ಸಂಭವವೂ ಹೆಚ್ಚು.

ಹಾಗೆಂದು ದೊಡ್ಡ ಟರ್ಬೋ ಕೊಂಡರೆ, ಅದರ ಚಕ್ರದ ಜಡತ್ವ ಹೆಚ್ಚು. ವೇಗ ಪಡೆಯಲು ತಡ. ಆದ್ದರಿಂದ ಗಾಳಿಯ ಹರಿವು, ಒತ್ತಡದ ಅನುಪಾತ, ದಕ್ಷತೆ ಮೂರನ್ನೂ ತೋರಿಸುವ ಕಂಪ್ರೆಸರ್ ನಕ್ಷೆಯನ್ನು ಮೊದಲು ಕೇಳಿ. ನಕ್ಷೆ ಕೊಡದ ಜಾಹೀರಾತು ಅರ್ಧಸತ್ಯವಷ್ಟೆ.