ಡುಗುಡುಗು ಕಿವಿಗಾ, ಕೈಗಾ?

ಹೊಸ ಕ್ಲಾಸಿಕ್ 350 ಬಗ್ಗೆ ನಮ್ಮ ಆಫೀಸಿನ ಬೈಕ್ ಗ್ಯಾಂಗಿನ ತೀರ್ಪು ಒಂದೇ: "ಗಾಡಿ ಸ್ಮೂತ್ ಆಯ್ತು ಮಗಾ, ಜೀವ ಹೋಯ್ತು." 2021ರಲ್ಲಿ ಬಂದ ಈ ಗಾಡಿಯ ಇಂಜಿನ್ನಿನಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇದೆ, ಅದೇ ಅಪರಾಧ. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ.

ಸೀಸಾದ ಒಂದು ತುದಿಯಲ್ಲಿ ಮಗು ಕೂತರೆ ಇನ್ನೊಂದು ತುದಿಗೂ ಅಷ್ಟೇ ತೂಕ ಬೇಕು ತಾನೆ? ಸಿಂಗಲ್ ಸಿಲಿಂಡರ್ ಇಂಜಿನ್ನಿನಲ್ಲೂ ಪಿಸ್ಟನ್ ಮೇಲೇರುವಾಗ, ಕ್ರ್ಯಾಂಕಿನ ಎದುರು ಬದಿಗೆ ಕೂರಿಸಿದ ತೂಕ ಕೆಳಗಿಳಿಯುತ್ತೆ. ಆದರೆ ಪಿಸ್ಟನ್ ಹೋಗೋದು ಮೇಲೆ ಕೆಳಗೆ ಮಾತ್ರ. ತೂಕ ಗುಂಡಗೆ ಸುತ್ತುತ್ತೆ. ಕಾಲು ಸುತ್ತಿಗೆ ಬಂದಾಗ ಅದು ಮುಂದಕ್ಕೋ ಹಿಂದಕ್ಕೋ ಜಗ್ಗುತ್ತೆ, ಅಲ್ಲಿ ಅದನ್ನು ತಡೆಯೋಕೆ ಎದುರಾಳಿನೇ ಇಲ್ಲ! ಪೂರ್ತಿ ತೂಕ ಹಾಕಿದರೆ ಮೇಲೆ-ಕೆಳಗಿನ ನಡುಕ ಹೋಗಿ ಅಡ್ಡ ನಡುಕ ಬರುತ್ತೆ. ಅದಕ್ಕೇ ಹಳೇ ಬುಲೆಟ್ಟಿನಂಥ ಇಂಜಿನ್ನುಗಳಲ್ಲಿ ಸುಮಾರು ಅರ್ಧಕ್ಕೆ ರಾಜಿ. ಆ ರಾಜಿಯನ್ನೇ ನಾವು 'ಜೀವ' ಅಂತಿರೋದು.

ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನೋ ಇಂಜಿನಿಯರ್ ರಾಜಿಗೆ ಒಪ್ಪಲಿಲ್ಲ. 1895ರಲ್ಲಿ ಕಟ್ಟಿದ ತನ್ನ ಮೊದಲ ಕಾರಿನಲ್ಲೇ ಒಂದು ಪಿಸ್ಟನ್ನಿಗೆ ಎರಡು ಕನೆಕ್ಟಿಂಗ್ ರಾಡ್, ಎರಡು ಕ್ರ್ಯಾಂಕ್ ಶಾಫ್ಟ್ ಕೊಟ್ಟ. ಒಂದು ಬಲಕ್ಕೆ ಸುತ್ತಿದರೆ ಇನ್ನೊಂದು ಎಡಕ್ಕೆ. ಪಿಸ್ಟನ್ ಓಡಾಡುವ ದಿಕ್ಕಿನಲ್ಲಿ ಎರಡರ ತೂಕವೂ ಸೇರಿ ಅದನ್ನು ಸರಿದೂಗಿಸುತ್ತೆ, ಅಡ್ಡ ದಿಕ್ಕಿನಲ್ಲಿ ಒಂದರ ಎಳೆತವನ್ನು ಇನ್ನೊಂದು ಹೊಡೆದುಹಾಕುತ್ತೆ. ಬೆನ್ಸ್, ಡೈಮ್ಲರ್ ಹೆಸರು ಎಲ್ಲರಿಗೂ ಗೊತ್ತು. ಗಾಡಿ ಓಡಿದರೆ ಸಾಕು ಅನ್ನೋ ಕಾಲದಲ್ಲಿ ಕೂತವರ ಮೈಕೈ ನೋವಿನ ಬಗ್ಗೆ ತಲೆ ಕೆಡಿಸಿಕೊಂಡ ಈ ಪುಣ್ಯಾತ್ಮನನ್ನು ಕೇಳೋರಿಲ್ಲ. ನಾಲ್ಕು ಸಿಲಿಂಡರ್ ಇಂಜಿನ್ನಿಗೆ ದುಪ್ಪಟ್ಟು ವೇಗದಲ್ಲಿ ತಿರುಗುವ ಜೋಡಿ ಶಾಫ್ಟ್ ಕೂಡ ಅವನದೇ ಯೋಚನೆ. ಅದನ್ನು 1970ರ ದಶಕದಲ್ಲಿ ಮಿತ್ಸುಬಿಷಿ ಸುಧಾರಿಸಿತು, ಪೋರ್ಷೆಯಂಥ ಪೋರ್ಷೆಯೇ ತನ್ನ 944ಕ್ಕೆ ಅವರಿಂದ ಲೈಸೆನ್ಸ್ ಪಡೆಯಿತು.

ಕ್ಲಾಸಿಕ್ಕಿನದು ಇದೇ ತತ್ವದ ಸರಳ ರೂಪ: ಎರಡನೇ ಕ್ರ್ಯಾಂಕಿನ ಬದಲು ಉಲ್ಟಾ ಸುತ್ತುವ, ತೂಕ ಕಟ್ಟಿದ ಒಂದು ಶಾಫ್ಟ್. ಡುಗುಡುಗು ಸದ್ದು ಬರೋದು ಎರಡು ಸುತ್ತಿಗೊಮ್ಮೆ ಸೈಲೆನ್ಸರ್‌ನಿಂದ ಹೊರಬೀಳುವ ಹೊಗೆಯ ಹೊಡೆತದಿಂದ. ಅದಕ್ಕೂ ಈ ಶಾಫ್ಟಿಗೂ ಸಂಬಂಧ ಇಲ್ಲ. 85.8 ಮಿ.ಮೀ. ಉದ್ದದ ಸ್ಟ್ರೋಕ್ ಇಟ್ಟುಕೊಂಡು ಆ ನಿಧಾನದ ಬಡಿತವನ್ನೂ ಉಳಿಸಿಕೊಂಡಿದ್ದಾರೆ. ಹೋಗಿರೋದು ಅಂಗೈಗೆ ಬರುತ್ತಿದ್ದ ನಡುಕ ಅಷ್ಟೇ.

ಅಂಗೈ ಅಂದಾಗ ನಮ್ಮೂರು ನೆನಪಾಗುತ್ತೆ. ಗದ್ದೆ ಉಳೋ ಟಿಲ್ಲರ್ರೂ ಸಿಂಗಲ್ ಸಿಲಿಂಡರ್ರೇ. ಬೆಳಿಗ್ಗೆಯಿಂದ ಅದರ ಹ್ಯಾಂಡಲ್ ಹಿಡಿದಿದ್ದ ನಮ್ಮ ಚಿಕ್ಕಪ್ಪ ಮಧ್ಯಾಹ್ನ ಊಟಕ್ಕೆ ಕೂತರೆ ಬೆರಳು ಜೋಮು ಹಿಡಿದು, ಮುದ್ದೆ ಮುರಿಯೋಕೂ ಪರದಾಡೋರು. ಇಂಥ ನಡುಕ ವರ್ಷಗಟ್ಟಲೆ ತಾಗಿದರೆ ಬೆರಳಿನ ನರ, ರಕ್ತನಾಳಗಳೇ ಕೆಡುತ್ತವೆ. ಭಾನುವಾರ ನಂದಿ ಬೆಟ್ಟ ಹತ್ತಿ, ಕಾಫಿ ಕುಡಿದು ಬರೋರಿಗೆ ಮಾತ್ರ ಅದು ರೋಮಾಂಚನ.

ಗಾಡಿನ ಬೈಯಲೇಬೇಕು ಅಂದ್ರೆ ತೂಕ ಇದೆಯಲ್ಲ. 195 ಕೆಜಿ, ಅದನ್ನು ಎಳೆಯೋಕೆ 20 ಹಾರ್ಸ್‌ಪವರ್! ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಹಿಂದಕ್ಕೆ ತಳ್ಳುವಾಗ ಗ್ಯಾಂಗಿನವರೆಲ್ಲ ಏದುಸಿರು ಬಿಡ್ತಾರೆ. ಆ ಬಗ್ಗೆ ಮಾತ್ರ ಒಬ್ಬರೂ ಚಕಾರ ಎತ್ತಲ್ಲ.